ಚರ್ಚೆಯಲ್ಲಿ ಹೇಳಿಬಿಟ್ಟ ಸಂಖ್ಯೆ

ಮೂವತ್ತೊಂದನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಮೊಳಕಾಲ್ಮುರಿನ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವಳು, ಅದನ್ನು ಬಿಡದೆಯೇ ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿಕೊಂಡೆ. ಪಾಠವೆಲ್ಲ ಮೊಬೈಲಿನಲ್ಲಿ. ಪಾಠ ಕೇಳುವುದಕ್ಕೆ ನನಗೆ ಯಾವ ಕಷ್ಟವೂ ಇರಲಿಲ್ಲ. ಸುಮ್ಮನೆ ಕೂತು ಕೇಳುವುದನ್ನು ನಮ್ಮ ಹಟ್ಟಿಯ ಹೆಣ್ಣುಮಕ್ಕಳಿಗೆ ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ. ನನ್ನ ಜೀವ ಹಿಂಡಿದ್ದು ಡಿಸ್ಕಷನ್ ಬೋರ್ಡ್ ಎಂಬ ಜಾಗ.

ಪ್ರತಿ ಸೋಮವಾರ ಪಾಠ ಮಾಡುವ ಮೇಡಂ ಅಲ್ಲಿ ಒಂದು ಪ್ರಶ್ನೆ ಹಾಕುತ್ತಿದ್ದರು. ಗುರುವಾರದೊಳಗೆ ಪ್ರತಿಯೊಬ್ಬರೂ ತಮ್ಮ ಉತ್ತರ ಬರೆಯಬೇಕು. ಭಾನುವಾರ ಸಂಜೆ ಆರರೊಳಗೆ ಇನ್ನಿಬ್ಬರ ಬರಹಗಳಿಗೆ ಪ್ರತಿಕ್ರಿಯೆ ಕೊಡಬೇಕು. ಬರೆದದ್ದನ್ನು ತರಗತಿಯ ಅರವತ್ತು ಜನರೂ ಓದುತ್ತಾರೆ. ಇದಕ್ಕೆ ಅಂಕಗಳಿದ್ದವು, ಅವು ಕನಿಷ್ಠ ಇಷ್ಟು ಬಾರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಅರವತ್ತು ಜನರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿರಲಿಲ್ಲ. ಅದೇ ಹೆದರಿಕೆ. ಎದುರಿಗಿದ್ದವರು ಹುಬ್ಬು ಗಂಟಿಕ್ಕಿದರೆ ಮಾತು ಬದಲಾಯಿಸಬಹುದು, ನಕ್ಕರೆ ನಾವೂ ನಕ್ಕು ಮುಗಿಸಬಹುದು. ಇಲ್ಲಿ ಬರೆದು ಗುಂಡಿ ಒತ್ತಿದ ಮೇಲೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಯಾರು ಓದಿ ಏನಂದುಕೊಂಡರೋ ಎಂದು ಎರಡು ದಿನ ಮೊಬೈಲನ್ನು ತೆಗೆದು ತೆಗೆದು ನೋಡುತ್ತಿದ್ದೆ. ಉಳಿದವರು ಬರೆಯುತ್ತಿದ್ದ ಕನ್ನಡವನ್ನು ನೋಡಿದರೆ ಇವರೆಲ್ಲ ಹುಟ್ಟುವಾಗಲೇ ಪದವಿ ಮುಗಿಸಿ ಬಂದವರೆನಿಸುತ್ತಿತ್ತು. ನನ್ನ ವಾಕ್ಯವನ್ನು ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಗುಂಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ಒತ್ತುತ್ತಿದ್ದೆ.

ನಾನಿದ್ದ ಕೋಣೆ ರೇಷ್ಮೆ ಸೀರೆ ನೇಯುವವರ ಮನೆಯ ಹಿಂಬದಿಗಿತ್ತು. ಮನೆಯ ಯಜಮಾನಿ ಅರ್ಧ ತೆಲುಗಿನವರು. ನಾನು ಬಾಗಿಲ ಮೆಟ್ಟಿಲ ಮೇಲೆ ಮೊಬೈಲು ಹಿಡಿದು ಬೆವರುತ್ತಿದ್ದುದನ್ನು ನೋಡಿ ಒಮ್ಮೆ ಮಗ್ಗ ನಿಲ್ಲಿಸಿ ಕೇಳಿದರು: "ಏಮಮ್ಮಾ, ಮಕ್ಕಳಿಗೆ ಬಯ್ಯೋ ಮೇಷ್ಟ್ರಮ್ಮ ನೀನು. ನಿಂಗೇ ಇಷ್ಟು ಭಯನಾ?"

"ಭಯ ಇರೋರೇ ಬಯ್ಯೋದು, ಅಮ್ಮಾ," ಎಂದೆ. ಅವರು ನಕ್ಕು ಮತ್ತೆ ಮಗ್ಗಕ್ಕೆ ಕೂತರು. ಆದರೆ ಅದು ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಮೊದಲ ಮೂರು ವಾರ ನಾನು ಕಂಡುಕೊಂಡ ಉಪಾಯ ಸುಲಭದ್ದು. ಯಾರ ಬರಹವಾದರೂ ಸರಿ, ಕೆಳಗೆ "ನಿಮ್ಮ ಅಭಿಪ್ರಾಯವನ್ನು ಸಂಪೂರ್ಣವಾಗಿ ಒಪ್ಪುತ್ತೇನೆ, ಧನ್ಯವಾದಗಳು" ಎಂದು ಬರೆದುಬಿಡುವುದು. ಒಂದು ವಾರ ಒಬ್ಬರಿಗೊಬ್ಬರು ಪೂರ್ತಿ ವಿರುದ್ಧವಾಗಿ ಬರೆದಿದ್ದ ಇಬ್ಬರನ್ನೂ ಸಂಪೂರ್ಣವಾಗಿ ಒಪ್ಪಿದೆ. ಯಾರಿಗೂ ನೋವಾಗಲಿಲ್ಲ, ನನ್ನ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಆದರೆ ಮೂರು ವಾರದ ಅಂಕಗಳು ಬಂದಾಗ ಪ್ರತಿಕ್ರಿಯೆಯ ಮುಂದೆ ಮೂರು ಸೊನ್ನೆಗಳಿದ್ದವು.

ಅದರ ಕೆಳಗೆ ಮೇಡಂ ನನಗೊಬ್ಬಳಿಗೇ ಕಾಣುವಂತೆ ಬರೆದಿದ್ದರು. "ಒಪ್ಪುತ್ತೇನೆ ಎಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಅವರ ಯಾವ ಮಾತಿಗೆ ಉತ್ತರಿಸುತ್ತಿದ್ದೀರೋ ಅದನ್ನು ಎತ್ತಿ ಹೇಳಿ. ನಿಮಗೇ ಗೊತ್ತಿರುವ ಒಂದು ಸಂಗತಿ ಸೇರಿಸಿ. ಅವರು ಮತ್ತೆ ಮಾತಾಡುವಂತೆ ಒಂದು ಪ್ರಶ್ನೆ ಕೇಳಿ. ನಿಮ್ಮ ಸ್ವಂತ ಉತ್ತರಗಳಲ್ಲೂ 'ಕೆಲವು', 'ಸ್ವಲ್ಪ', 'ಒಂದಷ್ಟು' ಬಹಳ ಇವೆ. ಜಾಗ ಯಾವುದು, ಎಷ್ಟು, ಯಾವಾಗ ಎಂದು ಖಚಿತವಾಗಿ ಬರೆಯಿರಿ. ಇನ್ನೊಂದು ವಾರ ಹೀಗೇ ಆದರೆ ಪರೀಕ್ಷೆ ಕಷ್ಟ."

ಅದನ್ನು ಎರಡು ಸಲ ಓದಿದೆ. ಇದೊಂದು ಸಲ ಸರಿಯಾಗಿ ಬರೆಯದೆ ಬೇರೆ ದಾರಿಯಿಲ್ಲವೆಂದು ತಿಳಿಯಿತು.

ನಾಲ್ಕನೆಯ ವಾರದ ಪ್ರಶ್ನೆ ನನ್ನನ್ನೇ ಹುಡುಕಿಕೊಂಡು ಬಂದಂತಿತ್ತು. ಹುಲ್ಲುಗಾವಲನ್ನು ನಂಬಿದವರ ಬದುಕು ನಿಮ್ಮ ಕಡೆ ಹೇಗೆ ಬದಲಾಗಿದೆ, ಸ್ವಂತ ಅನುಭವದ ಉದಾಹರಣೆಯೊಂದಿಗೆ ಬರೆಯಿರಿ ಎಂದಿತ್ತು. ನಮ್ಮದು ಕುರಿ ಕಾಯುವ ಮನೆ. ನನ್ನಿವಾಳದ ಹತ್ತಿರದ ಹಟ್ಟಿಯಲ್ಲಿ ಅವ್ವ ಮತ್ತು ಅಣ್ಣ ಈಗಲೂ ಮಂದೆ ಸಾಕಿಕೊಂಡಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಮನೆ ನಿಂತಿರುವುದು ಆ ಮಂದೆಯ ಮೇಲೆಯೇ. ನಾನು ಡಿಗ್ರಿ ಓದಿದ್ದೂ ಅದರಿಂದಲೇ. ಮಂದೆ ಇಲ್ಲವೆಂದಾದರೆ ಅವ್ವ ಆ ವಯಸ್ಸಿನಲ್ಲಿ ಕಂಡವರ ಹೊಲಕ್ಕೆ ಶೇಂಗಾ ಕೀಳಲು ಹೋಗಬೇಕು.

ಮಂಗಳವಾರ ಶಾಲೆಯಿಂದ ಬಂದವಳೇ ಕೂತು ಬರೆದೆ. ಅಪ್ಪನ ಕಾಲದಲ್ಲಿ ಮಂದೆ ಉಳ್ಳಾರ್ತಿ ಕಾವಲ್‌ನ ಹುಲ್ಲುಗಾವಲಿಗೆ ನೇರ ಹೋಗುತ್ತಿದ್ದುದು, ಈಗ ದಾರಿಗೆ ಸರ್ಕಾರಿ ಸಂಸ್ಥೆಗಳ ಗೋಡೆಗಳು ಅಡ್ಡ ಬಂದು ಅಣ್ಣ ಎಷ್ಟು ಸುತ್ತಿ ಹೋಗುತ್ತಾನೆ, ಯಾವ ಹುಲ್ಲು ಯಾವಾಗ ಮೊಳೆಯುತ್ತದೆ, ಎಲ್ಲ ಬರೆದೆ. ನನಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಕೊನೆಯ ವಾಕ್ಯದಲ್ಲಿ ಮೊದಲು "ನಮ್ಮ ತಾಯಿಯ ಬಳಿ ಕೆಲವು ಕುರಿಗಳಿವೆ" ಎಂದು ಬರೆದಿದ್ದೆ. ಮೇಡಂ ಹೇಳಿದ್ದು ನೆನಪಾಯಿತು. 'ಕೆಲವು' ಅಳಿಸಿ ಅಲ್ಲೊಂದು ಸಂಖ್ಯೆ ಬರೆದೆ.

ಅದು ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ನಿಮಗೆ ಬೇಜಾರಾದರೆ ಆಗಲಿ.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೊಬೈಲು ತೆಗೆದರೆ ನನ್ನ ಬರಹವನ್ನು ಮೇಡಂ ಎಲ್ಲಕ್ಕಿಂತ ಮೇಲೆ ಅಂಟಿಸಿಟ್ಟಿದ್ದರು. "ಚರ್ಚೆಯಲ್ಲಿ ಭಾಗವಹಿಸುವುದೆಂದರೆ ಹೀಗೆ" ಎಂದು ಬರೆದಿದ್ದರು. ಕೆಳಗೆ ಒಂಬತ್ತು ಜನರ ಪ್ರತಿಕ್ರಿಯೆಗಳಿದ್ದವು. ಒಂಬತ್ತು! ನನಗೆ ಖುಷಿಯಿಂದ ಅನ್ನ ಇಳಿಯಲಿಲ್ಲ. ಒಂದೊಂದಾಗಿ ಓದಿದೆ. ಎಲ್ಲರೂ ಮೇಡಂ ಹೇಳಿದ ಹಾಗೇ ನನ್ನ ಬರಹದ ಒಂದು ಮಾತನ್ನು ಎತ್ತಿ ಹೇಳಿ ಶುರುಮಾಡಿದ್ದರು. ಮತ್ತು ಎಲ್ಲರೂ ಎತ್ತಿಕೊಂಡಿದ್ದು ಅದೇ ಕೊನೆಯ ವಾಕ್ಯವನ್ನು, ಅದೇ ಸಂಖ್ಯೆಯನ್ನು. ಅಷ್ಟು ಕುರಿಗಳೇ ಎಂದು ಒಬ್ಬಳು. ಅಷ್ಟು ಕುರಿಗಳನ್ನು ಇಬ್ಬರೇ ಹೇಗೆ ನೋಡಿಕೊಳ್ಳುತ್ತಾರೆ ಎಂದು ಇನ್ನೊಬ್ಬಳು. ಸಮುದ್ರದ ಕಡೆಯವನೊಬ್ಬ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಅಷ್ಟು ಕುರಿಗಳಿಗೆ ದಿನಕ್ಕೆ ಎಷ್ಟು ಹುಲ್ಲು ಬೇಕು, ಐದು ವರ್ಷದ ಹಿಂದೆ ಎಷ್ಟಿದ್ದವು, ಈಗ ಹೆಚ್ಚಾಗಿವೆಯೋ ಕಡಿಮೆಯಾಗಿವೆಯೋ ಎಂದು ಸಾಲಾಗಿ ಕೇಳಿದ್ದ.

ನಾಲ್ಕನೆಯದನ್ನು ಓದುವಾಗಲೇ ನನ್ನ ಖುಷಿ ಹೆದರಿಕೆಯಾಗಿ ತಿರುಗಿತ್ತು.

ಯಾಕೆಂದು ಹೇಳಬೇಕು. ನಮ್ಮಲ್ಲಿ ಕುರಿಗಳ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೆರಳು ಚಾಚಿ ಎಣಿಸುವುದಿಲ್ಲ. ಸಂಜೆ ರೊಪ್ಪದ ಬಾಯಲ್ಲಿ ನಿಂತು, ಮುಳ್ಳಿನ ಬೇಲಿಯೊಳಗೆ ಕುರಿಗಳು ಎರಡೆರಡಾಗಿ ನುಗ್ಗುವಾಗ ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕು, ತುಟಿ ಅಲ್ಲಾಡಬಾರದು. ಯಾರಾದರೂ ಎಷ್ಟಿವೆ ಎಂದು ಕೇಳಿದರೆ "ನಾಲ್ಕು ಮರಿ ಅದಾವೆ" ಎನ್ನಬೇಕು. ನಾಲ್ಕಿದ್ದರೂ ಅದೇ, ನಾನೂರಿದ್ದರೂ ಅದೇ ಉತ್ತರ. ಕೇಳಿದವರಿಗೂ ಅದು ಗೊತ್ತು, ಅವರು ಮತ್ತೆ ಕೇಳುವುದಿಲ್ಲ. ಎಣಿಕೆ ಬಾಯಿಂದ ಆಚೆ ಬಂದರೆ ಮಂದೆಗೆ ಕಣ್ಣು ಬೀಳುತ್ತದೆ.

ಇದೆಲ್ಲ ನಂಬಿಕೆ, ಸಮಾಜಶಾಸ್ತ್ರದ ಮೂರನೆಯ ಪಾಠದಲ್ಲಿ ಇದಕ್ಕೊಂದು ವಿವರಣೆಯೂ ಇದೆ. ನಾನು ಇದನ್ನು ನಂಬುವುದಿಲ್ಲ. ಆದರೆ ಹೆದರುತ್ತೇನೆ. ಎರಡೂ ಒಟ್ಟಿಗೇ ಇರಬಹುದು ಎಂಬುದನ್ನು ಯಾವ ಪಾಠದಲ್ಲೂ ಬರೆದಿಲ್ಲ.

ಏಳು ವರ್ಷದವಳಿದ್ದಾಗ ಚಳ್ಳಕೆರೆ ಸಂತೆಗೆ ಅವ್ವನ ಜೊತೆ ಹೋಗಿದ್ದೆ. ಕುರಿ ಕೊಳ್ಳುವ ಸಾಬರೊಬ್ಬರು ನನ್ನ ಗಲ್ಲ ಹಿಡಿದು, "ಮನೇಲಿ ಎಷ್ಟು ಜಾನ್ವರ್ ಐತಮ್ಮಾ?" ಎಂದು ಅಕ್ಕರೆಯಿಂದ ಕೇಳಿದರು. ಶಾಲೆಯಲ್ಲಿ ನೂರರ ತನಕ ಎಣಿಸಲು ಕಲಿತಿದ್ದ ಹೊಸತು. ಗಟ್ಟಿಯಾಗಿ ಹೇಳಿಬಿಟ್ಟೆ. ಅವ್ವ ಸಂತೆಯ ನಡುವೆಯೇ ನನ್ನ ಬಾಯಿಗೆ ಹೊಡೆದಳು. ಆ ವಾರದಲ್ಲೇ ತೋಳ ಬಂದು ಎರಡು ಹಾಲುಮರಿಗಳನ್ನು ಹೊತ್ತುಕೊಂಡು ಹೋಯಿತು. ಅವ್ವ ಆ ಬಗ್ಗೆ ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗಿನ ಸಂಖ್ಯೆಯನ್ನು ನನಗೆ ಹೇಳಿದ್ದೂ ಅವ್ವನೇ. ಹೋದ ತಿಂಗಳು ಫೋನು ಮಾಡಿದಾಗ ಅವಳ ದನಿ ಬಹಳ ಹಗುರವಾಗಿತ್ತು. ಈ ಸಲದ ಮರಿಗಳೆಲ್ಲ ಉಳಿದಿದ್ದವು. ದೀಪಾವಳಿಯ ತನಕ ಒಂದನ್ನೂ ಮಾರುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ಮರಿ ಸೇರಿ ಒಟ್ಟು ಎಷ್ಟೆಂದು ಹೇಳಿ, "ಯಾರ್ ತಾವಾನೂ ಬಾಯಿ ಬಿಡ್ಬ್ಯಾಡ," ಎಂದಳು. ಹುಟ್ಟಿದಾಗಿನಿಂದ ಅವಳು ನನಗೆ ಆ ಲೆಕ್ಕ ಹೇಳಿದ್ದು ಅದೇ ಮೊದಲು. ನಾನದನ್ನು ಅರವತ್ತು ಜನರ ಮುಂದೆ ಇಟ್ಟಿದ್ದೆ, ಅವರಲ್ಲಿ ಒಂಬತ್ತು ಜನ ಒಬ್ಬರಾದ ಮೇಲೆ ಒಬ್ಬರು ಅದನ್ನು ಗಟ್ಟಿಯಾಗಿ ಹೇಳಿದ್ದರು.

ತಿದ್ದಲು ಹೋದೆ. ಆಗಲಿಲ್ಲ. ಯಾರಾದರೂ ಪ್ರತಿಕ್ರಿಯೆ ಬರೆದ ಮೇಲೆ ಮೂಲ ಬರಹವನ್ನು ತಿದ್ದಲು ಬರುವುದಿಲ್ಲ, ಚರ್ಚೆಯ ನಿಯಮ ಹಾಗೆ. ಆ ಮಧ್ಯಾಹ್ನ ಮಕ್ಕಳಿಗೆ ಏನು ಕಲಿಸಿದೆನೋ ನೆನಪಿಲ್ಲ.

ಶುಕ್ರವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ಅಣ್ಣ ಸುಮ್ಮಸುಮ್ಮನೆ ಫೋನು ಮಾಡುವವನಲ್ಲ.

"ಕುರಿಗೆ ಬಾಯಿಬ್ಯಾನೆ ಬಂದೈತೆ," ಎಂದ. "ಮಾರಿ ಎಲ್ಲಾ ಊದ್ಕಂಡು ಜೊಲ್ಲು ಸುರಿಸ್ತಾವೆ. ಮೇವು ಮುಟ್ತಿಲ್ಲ. ನೆನ್ನೆ ಎರಡು ಹೋದ್ವು."

"ಯಾವಾಗಿಂದ?"

"ಬುಧವಾರ ಬೆಳಿಗ್ಗೆ ನೋಡಿದ್ದು. ದನಿನ ಡಾಕ್ಟ್ರು ಬಂದು ಸೂಜಿ ಹಾಕ್ಯಾರೆ. ಮಳೆ ಬಿದ್ದ ಮ್ಯಾಲೆ ಹುಳ ಕಚ್ಚಿ ಬರ್ತೈತಂತೆ, ಪಕ್ಕದ ರೊಪ್ಪದಾಗೂ ಐತೆ. ಅವ್ವ ಊಟ ಬಿಟ್ಟು ಕುಂತಾಳೆ, ನೀನೊಂದಿಷ್ಟು ಮಾತಾಡು."

ಅವ್ವನ ಜೊತೆ ಮಾತಾಡುವ ಧೈರ್ಯವಾಗಲಿಲ್ಲ. ಪಾಠ ಶುರುವಾಗುತ್ತದೆಂದು ಸುಳ್ಳು ಹೇಳಿ ಫೋನಿಟ್ಟೆ. ಹುಳ ಕಚ್ಚಿದ್ದರಿಂದ ಬಂದದ್ದು, ಪಕ್ಕದ ರೊಪ್ಪಕ್ಕೂ ಬಂದಿದೆ ಎಂಬ ಮಾತುಗಳನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡೆ. ಮಂಗಳವಾರ ಸಂಜೆ ಬರೆದೆ, ಬುಧವಾರ ಬೆಳಿಗ್ಗೆ ಬಂತು ಎಂಬುದು ಮಾತ್ರ ಒಂದೇ ಸಲ ಹೇಳಿಕೊಂಡೆ. ಅದೇ ಗಟ್ಟಿಯಾಗಿ ನಿಂತುಬಿಟ್ಟಿತು.

ಶಾಲೆಗೆ ಹೋಗುವ ಮೊದಲೇ ಮೇಡಂಗೆ ಸಂದೇಶ ಕಳಿಸಿದೆ. "ದಯವಿಟ್ಟು ನನ್ನ ಬರಹವನ್ನು ತೆಗೆದುಹಾಕಿ." ಹತ್ತು ನಿಮಿಷದಲ್ಲಿ ಉತ್ತರ ಬಂತು. "ತೆಗೆಯಬಹುದು. ಆದರೆ ಅದರ ಕೆಳಗಿನ ಒಂಬತ್ತು ಪ್ರತಿಕ್ರಿಯೆಗಳೂ ಅದರ ಜೊತೆಗೇ ಹೋಗುತ್ತವೆ. ಅವರೆಲ್ಲರ ಅಂಕಗಳೂ, ನಿಮ್ಮದೂ. ನಿಮಗೆ ಪರೀಕ್ಷೆಯೇ ತಪ್ಪಬಹುದು. ಏನಾಯಿತು? ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ?"

ಏನೆಂದು ಬರೆಯಲಿ? ಕುರಿ ಎಣಿಸಿ ಹೇಳಿದ್ದಕ್ಕೆ ಕುರಿ ಸಾಯುತ್ತಿವೆ ಎಂದು ಸಮಾಜಶಾಸ್ತ್ರದ ಅಧ್ಯಾಪಕಿಗೆ ಬರೆಯಲೇ? ಸಿಟ್ಟು ಬಂತು. ಮೇಡಂ ಮೇಲೆ, ಆ ದಪ್ಪ ಅಕ್ಷರದವನ ಮೇಲೆ, 'ಕೆಲವು' ಎಂಬ ಸರಿಯಾದ ಮಾತನ್ನು ನನ್ನಿಂದ ಅಳಿಸಿದ ಎಲ್ಲರ ಮೇಲೆ. ನಮ್ಮ ಮನೆಯಲ್ಲಿ 'ಕೆಲವು' ಎನ್ನುವುದು ಉಡಾಫೆಯ ಮಾತಲ್ಲ, ಅದೇ ಮರ್ಯಾದೆಯ ಉತ್ತರ. ಆದರೆ ಆ ಸಂಖ್ಯೆಯನ್ನು ಬರೆದದ್ದು ಕೊನೆಗೂ ನನ್ನ ಬೆರಳೇ. "ಏನಿಲ್ಲ ಮೇಡಂ, ಇರಲಿ" ಎಂದು ಕಳಿಸಿದೆ. ಕಳಿಸಿದ ಮೇಲೆ, ಅಂಕಗಳಿಗಾಗಿ ಅವ್ವನ ಮಂದೆಯನ್ನು ಬಿಟ್ಟುಕೊಟ್ಟೆನೋ ಎನ್ನಿಸಿತು.

ಶನಿವಾರ ಇನ್ನೆರಡು ಹೋದವೆಂದು ಅಣ್ಣ ಹೇಳಿದ. ಭಾನುವಾರ ಬೆಳಿಗ್ಗೆ ನಾನು ಬಸ್ಸು ಹತ್ತಿದೆ.

ತಳಕು ದಾಟುವ ತನಕ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ದಾರಿಯಲ್ಲಿ ಯಾರದೋ ಮಂದೆ ರಸ್ತೆ ದಾಟುತ್ತಿತ್ತು, ಬಸ್ಸು ನಿಂತಿತು. ಕಣ್ಣು ತಾನಾಗಿ ಎಣಿಸತೊಡಗಿತು. ಗಾಬರಿಯಾಗಿ ಕಣ್ಣು ಮುಚ್ಚಿಕೊಂಡೆ. ಬೇರೆಯವರ ಮಂದೆಗೂ ನನ್ನಿಂದ ಏನಾದರೂ ಆದೀತೆಂಬ ಹೆದರಿಕೆ. ಪಕ್ಕದಲ್ಲಿದ್ದ ಹೆಂಗಸು ತಲೆ ಸುತ್ತುತ್ತಿದೆಯಾ ಎಂದು ಕೇಳಿ ನಿಂಬೆಹಣ್ಣು ಕೊಟ್ಟಳು. ಚಳ್ಳಕೆರೆಯಲ್ಲಿ ಇಳಿದು, ನನ್ನಿವಾಳದ ಕಡೆಯ ಆಟೋ ಹಿಡಿದು, ಆಮೇಲೆ ಹಟ್ಟಿಯವರೆಗೆ ನಡೆದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಮಾಡಿದೆ, ಅಳಿಸಿದೆ. ಡಿಸ್ಕಷನ್ ಬೋರ್ಡಿನಲ್ಲಿ ಮಾಡುತ್ತಿದ್ದುದೂ ಅದನ್ನೇ. ಇಲ್ಲಿ ಕಣ್ಣು ಮುಚ್ಚಿ ಒತ್ತಲು ಗುಂಡಿ ಇರಲಿಲ್ಲ, ಅಷ್ಟೇ.

ಅವ್ವ ರೊಪ್ಪದ ಮೂಲೆಯಲ್ಲಿ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಗೆ ರಾಗಿ ಗಂಜಿ ಹಾಕುತ್ತಿದ್ದಳು. ಕುರಿಯ ತುಟಿ ಊದಿ ಬಿರಿದಿತ್ತು. ಮೇಯಲು ಹೋಗಲಾರದ ಇನ್ನೂ ಐದು ಕುರಿಗಳು ಬೇಲಿಯ ನೆರಳಲ್ಲಿ ಮಲಗಿದ್ದವು. ಗಂಜಿ ಕುಡಿಯುತ್ತಿದ್ದುದು ಸೇರಿ ಆರು. ಉಳಿದವನ್ನು ಅಣ್ಣ ಹೊಡೆದುಕೊಂಡು ಹೋಗಿದ್ದ. ಬೆಳಿಗ್ಗೆ ಇನ್ನೊಂದು ಹೋಯಿತಂತೆ. ಒಟ್ಟು ಐದು ಸತ್ತಿದ್ದವು.

ನಾನು ಪಕ್ಕದಲ್ಲಿ ಕೂತೆ. ಗಂಜಿಯ ಲೋಟ ಹಿಡಿದುಕೊಂಡೆ.

"ಅವ್ವಾ, ನಾನೊಂದು ತಪ್ಪು ಮಾಡೀನಿ."

"ಏನು? ಕೆಲ್ಸ ಬಿಟ್ಟ್ಯಾ?"

"ಇಲ್ಲ."

"ಮತ್ತೇನು, ಯಾರ್ನಾರ ಕಟ್ಕಂಡ್ಯಾ ಹೇಳ್ದೆ ಕೇಳ್ದೆ?"

"ಅಯ್ಯೋ ಅದಲ್ಲವ್ವ. ಕುರಿ ಎಷ್ಟದಾವೆ ಅಂತ ಬರ್ದುಬಿಟ್ಟೆ."

"ಎಲ್ಲಿ?"

"ಫೋನ್ನಾಗೆ. ನಮ್ ಕ್ಲಾಸಿನೋರೆಲ್ಲ ಓದ್ತಾರೆ ಅದನ್ನ. ಅರವತ್ತು ಜನ. ಮಂಗಳವಾರ ಬರ್ದೆ. ಬುಧವಾರ ಇದು ಬಂತು."

ಅವ್ವನ ಕೈ ನಿಂತಿತು. ಕುರಿಯ ಬಾಯಿಂದ ಗಂಜಿ ಸೋರಿ ಅವಳ ಸೀರೆಯ ಮೇಲೆ ಇಳಿಯಿತು. ಅವಳು ಒರೆಸಲಿಲ್ಲ. ನನ್ನ ಬಾಯಿಗೆ ಏಟು ಬೀಳುತ್ತದೆಂದು ಕಾದೆ. ಬಿದ್ದರೆ ಸಾಕು ಎನಿಸುತ್ತಿತ್ತು. ಅವಳು ಬಹಳ ಹೊತ್ತು ಕುರಿಯ ಕಿವಿಯನ್ನೇ ಸವರುತ್ತಿದ್ದಳು.

"ಎಷ್ಟು ಅಂತ ಬರ್ದೆ?"

"ಹೋದ ತಿಂಗ್ಳು ನೀನು ಫೋನ್ನಾಗೆ ಹೇಳಿದ್ಯಲ್ಲ, ಅಷ್ಟು."

ಅವ್ವ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಅಳುತ್ತಿದ್ದೆ. ಎಷ್ಟು ಹೊತ್ತಿನಿಂದ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

"ಅದಾ?" ಎಂದಳು. "ಅದು ಸುಳ್ಳು ಕಣೇ. ನಿಂಗೆ ನಿಜ ಹೇಳ್ತೀನಾ ನಾನು? ಸಂತ್ಯಾಗೆ ಸಾಬರ ಮುಂದೆ ಒದರಿದೋಳು ನೀನು. ನಿನ್ ಬಾಯಾಗೆ ಏನೂ ನಿಲ್ಲಲ್ಲ ಅಂತ ಅವತ್ತೇ ಗೊತ್ತಾತು. ಸುಮ್ಕೆ ಬಾಯಿಗ್ ಬಂದಿದ್ದು ಹೇಳಿದ್ದೆ."

"ಖರೇನಾ ಅವ್ವಾ?"

"ಹ್ಞೂಂ ಮತ್ತೆ. ಕಣ್ಣು ಹಾಕೋರು ಆ ಲೆಕ್ಕಕ್ಕೇ ಹಾಕ್ಲಿ ಬಿಡು. ಇಲ್ದಿರೋ ಕುರಿ ಹುಡುಕ್ಕಂಡು ತಿರುಗ್ಲಿ." ಲೋಟವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಇದು ಹುಳದ ರೋಗ. ಡಾಕ್ಟ್ರು ಹೇಳ್ಯಾರೆ. ಓದಿದೋಳು ನೀನು, ನಿಂಗ್ ಗೊತ್ತಿಲ್ವಾ? ಮಾರಿ ತೊಳ್ಕ ಹೋಗು."

ಮುಖ ತೊಳೆಯುವಾಗ ಎದೆಯಿಂದ ಕಲ್ಲು ಇಳಿದಂತಾಯಿತು. ಆದರೆ ಎರಡನೆಯ ಚೊಂಬು ನೀರು ಹಾಕಿಕೊಳ್ಳುವಷ್ಟರಲ್ಲಿ ಬೇರೇನೋ ಚುಚ್ಚತೊಡಗಿತು. ಹಾಗಾದರೆ ನಾನೂ ಹೊರಗಿನವಳೇ. ಸಂತೆಯ ವ್ಯಾಪಾರಿಗೆ ಹೇಳುವ ಸುಳ್ಳನ್ನೇ ಅವ್ವ ನನಗೂ ಹೇಳಿದ್ದಳು. ದನಿ ತಗ್ಗಿಸಿ ಹೇಳಿದಳಲ್ಲ ಎಂದು ಒಂದು ತಿಂಗಳಿಂದ ಒಳಗೊಳಗೇ ಬೀಗುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದ ಹಿಂದಿನ ತಪ್ಪನ್ನು ಅವಳಿನ್ನೂ ಮರೆತಿರಲಿಲ್ಲ. ಅವಳ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ, ನಾನು ಅದನ್ನೇ ಮತ್ತೆ ಮಾಡಿ ಬಂದಿದ್ದೆ.

ಮಧ್ಯಾಹ್ನ ಅವ್ವ ನನ್ನ ಜೊತೆ ಕೂತು ಮುದ್ದೆ ಉಂಡಳು. ಗುರುವಾರದಿಂದ ಊಟ ಬಿಟ್ಟವಳು ನನ್ನನ್ನು ಉಣ್ಣಿಸಲೆಂದು ಉಂಡಳೆಂದು ಆಗ ನನಗೆ ಹೊಳೆಯಲಿಲ್ಲ.

ಐದು ಗಂಟೆಗೆ ನೆನಪಾಯಿತು, ಆರಕ್ಕೆ ಗಡುವು. ಇಬ್ಬರಿಗೆ ಪ್ರತಿಕ್ರಿಯೆ ಬರೆಯುವುದು ಬಾಕಿ ಇತ್ತು. ಹಟ್ಟಿಯಲ್ಲಿ ಸಿಗ್ನಲ್ ಸಿಗುವುದು ರೊಪ್ಪದ ಹಿಂದಿನ ದಿಬ್ಬದ ಮೇಲೆ. ಅಲ್ಲಿ ಹೋಗಿ ಕೂತೆ. ಮೀನುಗಾರರ ಬಗ್ಗೆ ಬರೆದಿದ್ದ ಹುಡುಗಿಯೊಬ್ಬಳಿಗೆ, ಅವಳ ಬರಹದ ಒಂದು ಸಾಲನ್ನು ಎತ್ತಿ ಹೇಳಿ, ನಿಮ್ಮ ಕಡೆ ಬಲೆಗೆ ಎಷ್ಟು ಮೀನು ಬಿತ್ತೆಂದು ದಡದಲ್ಲಿ ಗಟ್ಟಿಯಾಗಿ ಹೇಳುತ್ತಾರೆಯೇ ಎಂದು ಕೇಳಿದೆ. ನಿಜವಾಗಿ ತಿಳಿದುಕೊಳ್ಳಬೇಕೆಂದು ನಾನು ಅಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಆಮೇಲೆ ಆ ದಪ್ಪ ಅಕ್ಷರದವನ ಕೆಳಗೆ ಬರೆದೆ. "ನಮ್ಮಲ್ಲಿ ಕುರಿಗಳನ್ನು ಎಣಿಸಿ ಹೇಳುವ ಪದ್ಧತಿಯಿಲ್ಲ. ಕೇಳುವುದೂ ಇಲ್ಲ. ಅದು ಗೊತ್ತಿದ್ದೂ ನಾನು ಸಂಖ್ಯೆ ಕೊಟ್ಟೆ. ಆ ಸಂಖ್ಯೆ ತಪ್ಪು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಷ್ಟು ಎಂದು ಕೇಳುವ ಬದಲು, ಎಷ್ಟೆಂದು ಯಾಕೆ ಹೇಳುವುದಿಲ್ಲ ಎಂದು ಕೇಳಿದರೆ ನಮ್ಮ ಬದುಕು ನಿಮಗೆ ಹೆಚ್ಚು ತಿಳಿಯುತ್ತದೆಯೇ?" ಆರಕ್ಕೆ ಹತ್ತು ನಿಮಿಷ ಇರುವಾಗ ಗುಂಡಿ ಒತ್ತಿದೆ. ಕಣ್ಣು ಮುಚ್ಚಲಿಲ್ಲ.

ಅಷ್ಟರಲ್ಲಿ ಕೆಳಗೆ ಅಣ್ಣನ ಕೂಗು ಕೇಳಿತು. ಮಂದೆ ಬಂದಿತ್ತು. ಅವ್ವನ ಕೈಯಲ್ಲಿ ಔಷಧಿಯ ನೀರಿದ್ದುದರಿಂದ, ರೊಪ್ಪದ ಬಾಯಿಯ ಮುಳ್ಳುಕೊಂಬೆ ಸರಿಸಿ ಹಿಡಿದು ನಿಲ್ಲಲು ನನಗೆ ಹೇಳಿದಳು. ನಿಂತೆ. ಕುರಿಗಳು ನನ್ನ ಮೊಣಕಾಲಿಗೆ ಉಜ್ಜಿಕೊಂಡು ಎರಡೆರಡಾಗಿ ಒಳಗೆ ನುಗ್ಗಿದವು. ಎಣಿಸಬೇಕೆಂದು ನಾನು ನಿಂತಿರಲಿಲ್ಲ. ಆದರೆ ಚಿಕ್ಕವಳಿದ್ದಾಗ ಅವ್ವನ ಪಕ್ಕದಲ್ಲಿ ನಿಂತು ಕಲಿತದ್ದು ತಾನಾಗಿ ನಡೆಯಿತು. ಎರಡು, ನಾಲ್ಕು, ಆರು. ತುಟಿ ಅಲ್ಲಾಡಲಿಲ್ಲ.

ಕೊನೆಯ ಮರಿ ಒಳಗೆ ಹೋಯಿತು. ಒಳಗೇ ಉಳಿದಿದ್ದ ಆರನ್ನು ಸೇರಿಸಿದೆ. ಬಂದ ಲೆಕ್ಕವನ್ನು ನಂಬಲಾಗದೆ ಬೇಲಿಯ ಮೇಲಿಂದ ಇಡೀ ರೊಪ್ಪವನ್ನು ಇನ್ನೊಮ್ಮೆ ಎಣಿಸಿದೆ. ಅದೇ ಬಂತು.

ನಾನು ಬರೆದಿದ್ದ ಸಂಖ್ಯೆಯಲ್ಲಿ ಸತ್ತ ಐದನ್ನು ಕಳೆದರೆ ಎಷ್ಟೋ, ಅಷ್ಟೇ ಇದ್ದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವ್ವ ಫೋನಿನಲ್ಲಿ ನನಗೆ ಹೇಳಿದ್ದು ನಿಜವನ್ನೇ. ಸುಳ್ಳು ಹೇಳಿದ್ದು ಇವತ್ತು ಬೆಳಿಗ್ಗೆ.

ಹಿಡಿದಿದ್ದ ಕೊಂಬೆಯ ಮುಳ್ಳು ಅಂಗೈಗೆ ಇಳಿದಿದ್ದರೂ ಕೈ ಬಿಡಲಾಗಲಿಲ್ಲ. ಹಳೆಯ ಹೆದರಿಕೆಯೆಲ್ಲ ಒಟ್ಟಿಗೇ ತಿರುಗಿ ಬಂತು, ಈ ಸಲ ಅದರೊಳಗೆ ಅವ್ವನೂ ಇದ್ದಳು. ನಾನಾದರೂ ನಂಬದೆ ಹೆದರುವವಳು. ಅವಳು ನಂಬಿದವಳು. ನಾನು ಹೇಳಿದ ಆ ಕ್ಷಣದಲ್ಲಿ, ಗಂಜಿ ಸೀರೆಯ ಮೇಲೆ ಸೋರುತ್ತಿದ್ದಾಗ, ಮಗಳೇ ಮಂದೆಗೆ ಇದನ್ನು ತಂದಳೆಂದು ಅವಳಿಗೆ ಖಾತ್ರಿಯಾಗಿರಬೇಕು. ನನ್ನ ಹೆದರಿಕೆಯನ್ನು ತೆಗೆದು ತಾನು ಇಟ್ಟುಕೊಂಡು, ಮುಖ ತೊಳೆದು ಬಾ ಎಂದಿದ್ದಳು.

ಪಕ್ಕದ ರೊಪ್ಪದ ಮುದುಕರು ಕೋಲೂರಿಕೊಂಡು ಬಂದು ಬೇಲಿಯ ಆಚೆ ನಿಂತರು. ಅವರ ಮಂದೆಯಲ್ಲೂ ಏಳೆಂಟು ಹೋಗಿದ್ದವು. ಆ ಸಂಕಟದಲ್ಲಿ ಅವರಿಗೂ ಪದ್ಧತಿ ಮರೆತಿತ್ತೋ ಏನೋ.

"ಎಷ್ಟು ಉಳಿದ್ವಮ್ಮಾ ನಿಮ್ಮವು?" ಎಂದರು.

ಅವ್ವ ಕುರಿಯ ಬಾಯಿ ತೊಳೆಯುತ್ತಿದ್ದವಳು ತಿರುಗಲಿಲ್ಲ. ಆದರೆ ಅವಳ ಕೈ ನೀರಿನಲ್ಲಿ ನಿಂತುಹೋದದ್ದು ನನಗೆ ಕಂಡಿತು.

"ನಾಲ್ಕು ಮರಿ ಅದಾವೆ, ದೊಡ್ಡಪ್ಪಾ," ಎಂದೆ.

ಮುದುಕರು ತಲೆಯಾಡಿಸಿ ಹೊರಟುಹೋದರು. ಅವ್ವ ಎದ್ದು ಬಂದು, ನನ್ನ ಅಂಗೈಯಿಂದ ಮುಳ್ಳು ತೆಗೆದಳು. ನಾನು ಎಣಿಸಿದ್ದು ಅವಳಿಗೆ ಗೊತ್ತಾಗಿತ್ತು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಸೇರಿ ರೊಪ್ಪದ ಬಾಯಿ ಮುಚ್ಚಿದೆವು.